ತಳದ ನೀರು ಒಳಮುಖ

ಆ ಬೆಳಿಗ್ಗೆ ಗಾಳಿ ಸುಮ್ಮನಾಗಿತ್ತು. ವಾರವಿಡೀ ಒಳನಾಡಿನ ಹಿಮದ ಮೇಲಿಂದ ಬೀಸಿ ಬಾಗಿಲುಗಳನ್ನು ದಡಬಡಿಸಿದ್ದ ಗಾಳಿ ಯಾರೋ ಗದರಿದಂತೆ ಬೆಳಕು ಹರಿಯುವಷ್ಟರಲ್ಲಿ ನಿಂತುಹೋಗಿತ್ತು. ಮನೆಗಳ ಹೊಗೆ ನೆಟ್ಟಗೆ ಏರುತ್ತಿತ್ತು. ಮೋಡ ಕೆಳಗಿಳಿದು ಕೊಲ್ಲಿಯ ಎರಡೂ ದಡದ ಬೆಟ್ಟಗಳ ಹೆಗಲ ಮೇಲೆ ಕೂತಿತ್ತು. ಕಡಲು ಗಟ್ಟಿಯಾಗಿ ಹೆಪ್ಪುಗಟ್ಟಿದ ಕಡೆ ಮೋಡದ ಹೊಟ್ಟೆ ಬಿಳುಪು. ಕೊಲ್ಲಿಯ ಬಾಯಲ್ಲಿರುವ ತುದಿಗಲ್ಲಿನ ಮೇಲೆ ಮಾತ್ರ ಒಂದು ಕಪ್ಪು ಮಚ್ಚೆ. ಕೆಳಗೆ ಮಂಜುಗಡ್ಡೆಯಿಲ್ಲದ ನೀರಿದ್ದರೆ ಮೋಡ ಹಾಗೆ ಕಪ್ಪಿಡುತ್ತದೆ. ನಮ್ಮ ಊರಿನಲ್ಲಿ ಮೊದಲ ಗುಟುಕು ಕಾಫಿಗೂ ಮುಂಚೆ ಎಲ್ಲರೂ ಒಮ್ಮೆ ಅತ್ತ ನೋಡುತ್ತಾರೆ. ಈ ಚಳಿಗಾಲದಲ್ಲಿ ನೋಡಿದವರೆಲ್ಲ ಬೇಗನೆ ಕಣ್ಣು ತಿರುಗಿಸಿಕೊಳ್ಳುತ್ತಿದ್ದರು. ಬೊಲೆತ್ತಳ ಮಗ ಗಡ್ಡೆಯೊಡೆದು ನೀರಿಗೆ ಹೋದದ್ದು ಅಲ್ಲೇ.

ಅವನು ಹೋದದ್ದು ಸೂರ್ಯ ಚಳಿಗಾಲಕ್ಕೆಂದು ವಾರಗಟ್ಟಲೆ ಮರೆಯಾಗುವ ದಿನಗಳಲ್ಲಿ. ಹೊಸ ಗಡ್ಡೆ ಕಟ್ಟಿ, ಊರಿನ ನಾಯಿಗಳೆಲ್ಲ ಬಂಡಿ ಎಳೆಯುವ ಆಸೆಗೆ ಹುಚ್ಚೆದ್ದು ಕೂಗುತ್ತಿದ್ದ ಕಾಲ. ಹಾಲಿಬಟ್ ಮೀನಿಗೆಂದು ಜಾರುಬಂಡಿ ಕಟ್ಟಿಕೊಂಡು ಹೊರಟವನು ಸಂಜೆಗೆ ಬರಲಿಲ್ಲ. ಪಟ್ಟಿ ಹರಿದುಕೊಂಡ ಎರಡು ನಾಯಿಗಳು ಒದ್ದೆ ಮೈ ಗಡ್ಡೆಗಟ್ಟಿ ಮನೆ ಸೇರಿದವು. ಅಷ್ಟೇ.

ಆಮೇಲೆ ಅವನ ಹೆಸರನ್ನು ಯಾರೂ ನಾಲಿಗೆಗೆ ತರಲಿಲ್ಲ. ನಮ್ಮಲ್ಲಿ ಸತ್ತವರ ಹೆಸರು ಹಾಗೇ ಸುಮ್ಮನೆ ಕಾಯುತ್ತದೆ. ಮುಂದೆ ಹುಟ್ಟುವ ಮಗುವೊಂದು ಅದನ್ನು ಹೊತ್ತಮೇಲೆಯೇ ಮತ್ತೆ ಬಾಯಿಗೆ ಬರುವುದು. ಆ ದಿನದಿಂದ ಮಗುವಿಗೆ ಸತ್ತವರ ನಂಟೆಲ್ಲ ಅಂಟಿಕೊಳ್ಳುತ್ತದೆ. ಮೊಮ್ಮಗನನ್ನು ಅಜ್ಜಿ ಮಗನೇ ಎನ್ನುತ್ತಾಳೆ, ಮಗುವಿನ ಕೆನ್ನೆಗೆ ಮೂಗು ಒತ್ತಿ, ಬಂದೆಯಾ, ಒಳ್ಳೆಯದಾಯಿತು ಎನ್ನುತ್ತಾಳೆ. ನಾನು ಈ ಊರಿನ ಚರ್ಚಿನ ಉಪದೇಶಿ. ಪಾದ್ರಿಗಳು ಹೆಲಿಕಾಪ್ಟರಿನಲ್ಲಿ ಅಪರೂಪಕ್ಕೆ ಬರುತ್ತಾರೆ; ಉಳಿದಂತೆ ಮದುವೆ, ಮಣ್ಣು, ದೀಕ್ಷಾಸ್ನಾನ ಎಲ್ಲ ನನ್ನ ಕೈಯಲ್ಲೇ ಆಗುತ್ತದೆ. ಈ ಹೆಸರಿನ ಮಾತು ನನ್ನ ಪುಸ್ತಕದಲ್ಲಿಲ್ಲ. ಆದರೂ ನಾನೇ ಹೊತ್ತಿರುವ ಹೆಸರು ನನ್ನ ಅಜ್ಜನ ತಮ್ಮನದು, ಮುದುಕಿಯರು ನನ್ನನ್ನು ಇಂದಿಗೂ ಮೈದುನ ಎಂದು ರೇಗಿಸುತ್ತಾರೆ. ನಾನು ಅದನ್ನು ಇಲ್ಲವೆಂದು ಹೇಗೆ ಹೇಳಲಿ?

ಸೂರ್ಯ ಮರಳಿ ಬಂದ ವಾರ ಅವನ ಹೆಂಡತಿ ಸಬೀನೆ ಗಂಡುಮಗು ಹೆತ್ತಳು. ಇಡೀ ಊರು ಆ ಹೆಸರು ಆ ಮಗುವಿನದೇ ಎಂದುಕೊಂಡಿತ್ತು. ಹೆಸರು ಬಿಟ್ಟುಕೊಡಬೇಕಾದವಳು ಬೊಲೆತ್ತ. ಹೆತ್ತವಳಿರುವಾಗ ಅದು ಅವಳ ಹಕ್ಕು. ಬೊಲೆತ್ತ ಒಲ್ಲೆ ಎಂದಳು.

“ನೋಡ್ದೇ ಇರೋ ಸಾವಿಗೆ ನಾನು ಹೆಸರು ಬಿಡಲ್ಲ,” ಎಂದಳು. “ಅವನನ್ನ ತಂದು ನನ್ನ ಅಡುಗೆಮನೆ ನೆಲದ ಮೇಲೆ ಮಲಗಿಸಿ. ಮುಖ ಒರೆಸ್ತೀನಿ. ಆಮೇಲೆ ತಗೊಂಡು ಹೋಗಿ.”

ನಾನು ದೇವರ ಮಾತು ಹೇಳಲು ಹೋದೆ. ಅವಳು ನನ್ನನ್ನು ತೊಟ್ಟಿಲಲ್ಲಿ ನೋಡಿದವಳು, ಮುಗಿಸಲು ಬಿಡಲಿಲ್ಲ.

“ಆ ಕತ್ತಲಲ್ಲಿ ಅವನ ಹತ್ರ ಇರೋದು ಅದೊಂದೇ ಕಣೋ. ಹೆಸರನ್ನೂ ಕಿತ್ಕೊಂಡ್ರೆ ಅವನಿಗೆ ಇನ್ನೇನುಳಿಯುತ್ತೆ?”

ಬೇರೆ ಹೆಸರಿಡೋಣ ಎಂದರೆ ಸಬೀನೆ ಒಪ್ಪಲಿಲ್ಲ. ಇದು ಅಪ್ಪನ ಹೆಸರಿಗಾಗಿ ಬಂದ ಮಗು, ಬೇರೆಯವರ ಹೆಸರು ತೊಡಿಸಿದರೆ ಉಳಿಯುವುದಿಲ್ಲ ಎಂದಳು. ಮಗು ಅಳುತ್ತಿತ್ತು. ಅಳುವ ಮಗುವನ್ನು ಕಂಡರೆ ನಮ್ಮ ಹೆಂಗಸರು ಹಾಲಿಗಿಂತ ಮೊದಲು, ತನ್ನ ಹೆಸರು ಬೇಡಿ ಅಳುತ್ತಿದೆ ಎನ್ನುತ್ತಾರೆ. ಅದು ಮೊಲೆ ಹಿಡಿದು ಎರಡು ಸಲ ಚೀಪಿ ಬಿಟ್ಟುಬಿಡುತ್ತಿತ್ತು. ಆರೋಗ್ಯ ಕೇಂದ್ರದ ಹೆಂಗಸು ಪ್ರತಿವಾರ ತೂಗಿ, ತಕ್ಕಡಿಯ ಮುಳ್ಳನ್ನು ತನ್ನ ಮೈಯಿಂದ ಮರೆಮಾಡಿ, ಪರವಾಗಿಲ್ಲ ಎನ್ನುತ್ತಿದ್ದಳು. ಅವಳು ಸುಳ್ಳು ಹೇಳುವಾಗ ಕತ್ತು ಕೆಂಪಾಗುತ್ತದೆ, ಎಲ್ಲರಿಗೂ ಗೊತ್ತು.

ಇತ್ತ ಬೊಲೆತ್ತಳ ತಮ್ಮ ಎನೋಕ್, ಸತ್ತವನ ಸೋದರಮಾವ, ಚಳಿಗಾಲವಿಡೀ ಅವನನ್ನು ಹುಡುಕಿದ. ತುದಿಗಲ್ಲಿನ ಆಚೆ, ಕಡಲಿನ ಮಗ್ಗುಲಲ್ಲಿ ಗಡ್ಡೆ ಕೊರೆದು, ಹಾಲಿಬಟ್ ಹಿಡಿಯುವ ಉದ್ದನೆಯ ಗಾಳದ ಹಗ್ಗವನ್ನು ಇಳಿಬಿಟ್ಟ. ಮೀನಿಗಲ್ಲ. ಆ ಕೊಕ್ಕೆಗಳಲ್ಲಿ ಸಿಕ್ಕ ಮೀನನ್ನು ಅವನು ತಿನ್ನಲೂ ಇಲ್ಲ, ಮಾರಲೂ ಇಲ್ಲ, ನಾಯಿಗಳಿಗೆ ಎಸೆದ. ಮಂಜುಗಡ್ಡೆಯ ಗುಡ್ಡಗಳಾಗಲಿ, ತೇಲುವ ಮರವಾಗಲಿ, ನಮ್ಮ ಕಣ್ಣಿಗೆ ಕಾಣುವುದೆಲ್ಲ ಕೊಲ್ಲಿಯಿಂದ ಹೊರಗೇ ಹೋಗುತ್ತದೆ. ಅವನೂ ಹೊರಗೇ ಹೋಗಿರಬೇಕು ಎಂದು ಊರು ನಂಬಿತ್ತು.

ಏಪ್ರಿಲಿನಲ್ಲಿ ಸೀಕಾ ಬಂದಳು. ನೂಕ್ ಪಟ್ಟಣದವಳು, ಕಡಲ ನೀರನ್ನು ಅಳೆಯುವುದು ಅವಳ ಕೆಲಸ. ಪ್ರತಿ ವಸಂತದಲ್ಲಿ ಬಂದು ಕೊಲ್ಲಿಯ ಗೊತ್ತಾದ ಜಾಗಗಳಲ್ಲಿ ಗಡ್ಡೆ ಕೊರೆದು ಒಂದು ಕಬ್ಬಿಣದ ಕೊಳವೆ ಇಳಿಬಿಡುತ್ತಾಳೆ. ಅದು ತಳ ಮುಟ್ಟುವವರೆಗೆ ನೀರಿನ ಉಪ್ಪೆಷ್ಟು, ಬಿಸಿಯೆಷ್ಟು ಎಂದು ಹೆಜ್ಜೆಹೆಜ್ಜೆಗೂ ನೆನಪಿಟ್ಟುಕೊಂಡು ಬರುತ್ತದೆ. ಉಸಿರಾಡಲು ಬರುವ ಸೀಲ್ ಪ್ರಾಣಿಯಂತೆ ಇಳಿದ ತೂತಿನಿಂದಲೇ ಮತ್ತೆ ಏಳುತ್ತದೆಂದು ನಮ್ಮವರು ಅದಕ್ಕೆ ಕಬ್ಬಿಣದ ಸೀಲ್ ಎಂದು ಹೆಸರಿಟ್ಟಿದ್ದಾರೆ. ಇಷ್ಟು ವರ್ಷ ಅವಳ ಬಂಡಿ ಹೊಡೆದವನು, ಕೊಳವೆ ಎತ್ತುವ ರಾಟೆ ತಿರುಗಿಸಿದವನು ಬೊಲೆತ್ತಳ ಮಗನೇ. ಹೆಲಿಕಾಪ್ಟರ್ ಇಳಿದ ಸೀಕಾ ಸಾಮಾನನ್ನು ಅಲ್ಲೇ ಬಿಟ್ಟು ನೇರ ಬೊಲೆತ್ತಳ ಮನೆಗೆ ಹೋದಳು. ನಾನೂ ಇದ್ದೆ, ಎನೋಕನೂ ಇದ್ದ. ಸಬೀನೆ ಒಲೆಯ ಪಕ್ಕ ಮಗುವನ್ನು ಅಂಗಿಯ ಬೆನ್ನಿನ ದೊಡ್ಡ ಟೊಪ್ಪಿಗೆಯಲ್ಲಿ ಹಾಕಿಕೊಂಡು ತೂಗುತ್ತಿದ್ದಳು.

ಬೊಲೆತ್ತ ಕಾಫಿ ಬಗ್ಗಿಸಿ, ಎದುರು ಕೂತಳು.

“ಮಗಳೇ, ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ನೋಡೋದೇ ನಿನ್ನ ಕೆಲಸ ಅಲ್ವಾ?”

“ಹೌದಮ್ಮ.”

“ಹಾಗಾದ್ರೆ ನನ್ನ ಮಗನನ್ನ ಎಲ್ಲಿಗೆ ತಗೊಂಡು ಹೋಯ್ತು, ನೋಡಿ ಹೇಳು.”

ಸೀಕಾ ಬಟ್ಟಲು ಕೆಳಗಿಟ್ಟಳು. ಯಂತ್ರ ಮನುಷ್ಯರನ್ನು ಹುಡುಕುವುದಿಲ್ಲ, ನೀರಿನ ವಿಷಯವಷ್ಟೇ ತಿಳಿಸುತ್ತದೆ ಎಂದಳು. ಅಷ್ಟು ತಿಳಿದರೆ ಸಾಕು, ಮನುಷ್ಯನನ್ನು ಎನೋಕ್ ಹುಡುಕುತ್ತಾನೆ, ಬೇಸಿಗೆಯಲ್ಲಿ ದೋಣಿ ಇಳಿಸಿ ದಡದುದ್ದಕ್ಕೂ ಹುಡುಕುತ್ತಾನೆ ಎಂದಳು ಬೊಲೆತ್ತ. ಹೊರಗಡೆ ದಡಗಳಿವೆ, ದ್ವೀಪಗಳಿವೆ, ಮೀನಿನವರ ಬಲೆಗಳಿವೆ. ಎಲ್ಲಾದರೂ ಸಿಗುತ್ತಾನೆ.

ಒಲೆಯ ಕಡೆಯಿಂದ ಸಬೀನೆ ತಿರುಗದೆಯೇ ಕೇಳಿದಳು: “ಒಳಗಡೆಗೆ ಹೋಗಿದ್ರೆ, ಅತ್ತೆ?”

ಒಳಗಡೆ ಎಂದರೆ ಹಿಮನದಿ ಕಡಲಿಗಿಳಿಯುವ ಜಾಗ. ಅದರ ಪಾದದ ಬಳಿ ಕೊಲ್ಲಿಗೆ ತಳ ಸಿಕ್ಕುವುದೇ ಕಷ್ಟ. ಮನೆಗಿಂತ ದೊಡ್ಡ ಹೋಳುಗಳು ಹೇಳದೆ ಕೇಳದೆ ಮುರಿದು ಬೀಳುತ್ತವೆ. ಬಂಡಿಯೂ ಹೋಗುವುದಿಲ್ಲ, ದೋಣಿಯೂ ಹೋಗುವುದಿಲ್ಲ.

“ಒಳಗಡೆ ಅಂದ್ರೆ,” ಬೊಲೆತ್ತ ಮೇಜಿನ ಮೇಲೆ ಚೆಲ್ಲಿದ್ದ ಸಕ್ಕರೆಯನ್ನು ಬೆರಳಿನಿಂದ ಒತ್ತಟ್ಟಿಗೆ ಸರಿಸಿದಳು. “ಒಳಗಡೆ ಅಂದ್ರೆ ಹೆಸರು ಕೊಡ್ತೀನಿ. ಕಾಯೋದಕ್ಕೆ ಏನೂ ಇರಲ್ಲ ಆಗ.”

ಮನೆಗೆ ಬಂದು ಮೊಣಕಾಲೂರಿದೆ. ಏನು ಬೇಡಲಿ ಎಂದು ತಿಳಿಯಲಿಲ್ಲ. ನೀರು ಹೊರಗೆ ಹರಿದರೆ ತಾಯಿಗೆ ಒಂದು ಬೇಸಿಗೆಯ ಆಸೆ, ಮಗುವಿಗೆ ಇನ್ನೊಂದು ಬೇಸಿಗೆ ಹೆಸರಿಲ್ಲ. ಅಷ್ಟು ದಿನ ಆ ಮಗು ಇರುತ್ತದೆಯೇ? ಒಳಗೆ ಹರಿದರೆ ಮಗುವಿಗೆ ಹೆಸರು, ಅವನಿಗೆ ಸಮಾಧಿಯಿಲ್ಲ. ಸಬೀನೆ ಆ ರಾತ್ರಿ ಯಾವುದಕ್ಕೆಂದು ಕೈ ಜೋಡಿಸಿದಳೋ, ಕೇಳುವ ಧೈರ್ಯ ನನಗಿರಲಿಲ್ಲ. ಗಂಡ ಎಂದೂ ಸಿಗದಿರಲಿ ಎಂದು ಬೇಡಬೇಕಾದ ಹೆಂಡತಿಯನ್ನು ದೇವರು ಯಾವ ಮುಖದಿಂದ ನೋಡುತ್ತಾನೆ? ನಾನು ಏನನ್ನೂ ಬೇಡದೆ ಎದ್ದೆ.

ನಾನು ಮೊದಲು ಹೇಳಿದ ಗಾಳಿಯಿಲ್ಲದ ಬೆಳಿಗ್ಗೆ ಹೊರಟೆವು. ಸಿಕ್ಕೇಬಿಟ್ಟರೆ ಪಕ್ಕದಲ್ಲಿ ಪ್ರಾರ್ಥನೆ ಬಲ್ಲವನೊಬ್ಬ ಇರಲಿ ಎಂದು ಬೊಲೆತ್ತ ನನ್ನನ್ನೂ ಕಳಿಸಿದಳು. ಸಾಮಾನಿನ ಮೂಟೆಗಳ ಮೇಲೆ ನಾನು ಕೂತಕೂಡಲೇ ಎನೋಕ್ ಕೆಣಕತೊಡಗಿದ.

“ಉಪದೇಶಿಗಳೇ, ನನ್ನ ನಾಯಿಗಳು ಏನು ಪಾಪ ಮಾಡಿದ್ವು ಅಂತ ನಿಮ್ಮನ್ನ ಎಳೀಬೇಕು? ಕ್ರಿಸ್ಮಸ್‌ ಆದ್ಮೇಲೆ ಒಂದು ದಿನಾನೂ ಉಪವಾಸ ಮಾಡಿಲ್ವೇನು ತಾವು?”

ಸೀಕಾಳ ಮುಖ ಅರ್ಧ ಟೊಪ್ಪಿಗೆಯೊಳಗಿತ್ತು. ಅವಳನ್ನೂ ಬಿಡಲಿಲ್ಲ. ನೂಕ್‌ನವರಿಗೆ ಚಳಿ ಗೊತ್ತಾಗುವುದು ಫ್ರಿಜ್ಜಿನ ಬಾಗಿಲು ತೆಗೆದಾಗ ಮಾತ್ರವಂತೆ. ಸೀಕಾ ನಕ್ಕಳು. ಆ ಮಾತು ಹಳೆಯದು, ಅವನ ಸೋದರಳಿಯ ಪ್ರತಿವರ್ಷ ಹೇಳುತ್ತಿದ್ದದ್ದು. ಅದು ಮೂವರಿಗೂ ಒಟ್ಟಿಗೇ ನೆನಪಾಗಿ ನಗು ನಿಂತಿತು.

ತುದಿಗಲ್ಲಿನ ಹತ್ತಿರ ದಡಕ್ಕಂಟಿದ ಗಟ್ಟಿ ಗಡ್ಡೆಯ ಮೇಲೆ ಬಂಡಿ ನಿಲ್ಲಿಸಿದೆವು. ಎನೋಕ್ ಕಬ್ಬಿಣದ ಮೊನೆಯ ಕೋಲಿನಿಂದ ಪ್ರತಿ ಹೆಜ್ಜೆಗೂ ಕುಟ್ಟಿ, ಕೇಳಿ, ಮುಂದೆ ಹೋದ. ಒಂದು ಜಾಗದಲ್ಲಿ ನಿಂತು ಇನ್ನು ಸಾಕು ಎಂದ. ಅಲ್ಲಿಂದ ನೋಡಿದರೆ ಗಡ್ಡೆ ಕಟ್ಟದ ನೀರು ಉಗಿಯಾಡುತ್ತಿತ್ತು, ಎಸರಿಟ್ಟ ಪಾತ್ರೆಯ ಹಾಗೆ. ಅಲ್ಲಿ ಕೊಲ್ಲಿಯ ತಳದಲ್ಲಿ ಹೊಸ್ತಿಲಿನಂಥ ಬಂಡೆ ಅಡ್ಡಲಾಗಿ ಎದ್ದಿದೆ. ಭರತ ಇಳಿತಗಳ ನೀರು ಅದನ್ನು ಹತ್ತಿ ಇಳಿಯುವಾಗ ಕಲಕುತ್ತದೆ.

ಗರಗಸದಿಂದ ಗಡ್ಡೆ ಕೊಯ್ದು ತೂತು ಮಾಡಿದೆವು. ಕಬ್ಬಿಣದ ಸೀಲ್ ಇಳಿಯಿತು, ಎದ್ದಿತು. ಸೀಕಾ ಅದರ ನೆನಪನ್ನೆಲ್ಲ ಪುಟ್ಟ ಪರದೆಯ ಮೇಲೆ ಬಿಚ್ಚಿ ನೋಡಿದಳು. ಮೇಲಿನ ನೀರು ಹೆಪ್ಪುಗಟ್ಟುವಷ್ಟು ತಣ್ಣಗೆ, ಸಪ್ಪೆ. ಕೆಳಗಿನದು ದೂರದ ತೆಂಕಣ ಕಡಲಿನಿಂದ ಬಂದದ್ದು, ಉಪ್ಪು ಹೆಚ್ಚು, ಬಿಸಿ ಹೆಚ್ಚು. ಅದು ಹಿಂದೆಯೂ ಇತ್ತು, ಆದರೆ ಆಳದಲ್ಲಿರುತ್ತಿತ್ತು. ಈ ಸಲ ಎಷ್ಟೋ ಮೇಲೆ ಬಂದು ಹೊಸ್ತಿಲು ದಾಟುತ್ತಿದೆ, ಕಲಕಿದಾಗಲೆಲ್ಲ ಗಡ್ಡೆಯ ಹೊಟ್ಟೆಯನ್ನು ನೆಕ್ಕುತ್ತಿದೆ ಎಂದಳು. ಅವಳು ಪ್ರತಿವರ್ಷ ಹೇಳುತ್ತಿದ್ದ ಮಾತೇ ಅದು, ನಾವು ತಲೆಯಾಡಿಸಿ ಕೇಳಿಸಿಕೊಂಡದ್ದೇ.

ಆಮೇಲೆ ನೀರಿನ ಓಟ ನೋಡುವ ಯಂತ್ರ. ಬಾಲದಲ್ಲಿ ರೆಕ್ಕೆಯಿರುವಂಥದ್ದು. ಭರತ ಏರುತ್ತಿದ್ದ ಹೊತ್ತು. ಮೇಲೂ ನಡುವೆಯೂ ತಳದಲ್ಲೂ ನೀರು ಒಳಕ್ಕೇ ನುಗ್ಗುತ್ತಿತ್ತು. ಅದು ಲೆಕ್ಕಕ್ಕಿಲ್ಲ, ಇಳಿತ ಶುರುವಾಗಲಿ ಎಂದಳು ಸೀಕಾ.

ಗುಡಾರ ಹಾಕಿ ಕಾದೆವು. ಸೀಮೆಎಣ್ಣೆ ಒಲೆಯ ಮೇಲೆ ಗಡ್ಡೆ ಕರಗಿಸಿ ಚಹಾ ಮಾಡಿದೆವು. ಒಣಗಿಸಿದ ಹಾಲಿಬಟ್ಟನ್ನು ಎನೋಕ್ ಚಾಕುವಿನಿಂದ ಸೀಳಿ ಹಂಚಿದ. ಅವನು ಆಗಾಗ ಎದ್ದುಹೋಗಿ ತೂತಿನ ಮೇಲೆ ಕಟ್ಟುವ ತೆಳು ಗಡ್ಡೆಯನ್ನು ಸೌಟಿನಿಂದ ಎತ್ತಿ ಎಸೆದು ಬರುತ್ತಿದ್ದ. ನಾನು ಬಾಗಿಲ ಸಂದಿಯಿಂದ ಉಗಿಯನ್ನು ನೋಡುತ್ತಿದ್ದೆ. ಕೊನೆಯ ದಿನ ಕಡಲು ತನ್ನೊಳಗಿನ ಸತ್ತವರನ್ನೆಲ್ಲ ಒಪ್ಪಿಸುತ್ತದೆಂದು ಎಷ್ಟು ಜನರ ಮುಂದೆ ಹೇಳಿದ್ದೇನೆ. ಹೇಳುವಾಗ ನಂಬಿದ್ದೆ. ಈಗಲೂ ನಂಬುತ್ತೇನೆ. ಆದರೆ ಕೊನೆಯ ದಿನ ಎಷ್ಟು ದೂರವಿದೆ ಎಂದು ಆ ಉಗಿಯ ಮುಂದೆ ಕೂತಾಗ ಮೊದಲ ಸಲ ಕಂಡಿತು.

ಇಳಿತ ಶುರುವಾಯಿತು. ದಡದ ಗಡ್ಡೆ ನರಳುತ್ತ ನೀರಿನೊಡನೆ ಕೆಳಗಿಳಿಯಿತು. ಸೀಕಾ ಯಂತ್ರ ಇಳಿಸಿದಳು. ಮೇಲಿನ ನೀರು ತಿರುಗಿ ಹೊರಗೆ ಓಡುತ್ತಿತ್ತು. ಎನೋಕ್ ನನ್ನ ತೋಳು ಹಿಡಿದ. ನಡುವಿನ ನೀರೂ ತಿರುಗಿತ್ತು. ಅವಳು ಹಗ್ಗ ಬಿಡುತ್ತ ಹೋದಳು. ತಳದಲ್ಲಿ ಓಟ ನಿಧಾನವಾಗಿತ್ತು, ತೂಕಡಿಸುವವನ ಉಸಿರಿನ ಹಾಗೆ. ಆದರೆ ತಿರುಗಿರಲಿಲ್ಲ. ಒಳಮುಖವಾಗಿಯೇ ಇತ್ತು.

ಅವಳು ಎತ್ತಿ ಮತ್ತೆ ಇಳಿಸಿದಳು. ಇಳಿತದ ಭರಾಟೆ ಹೆಚ್ಚಲಿ ಎಂದು ಕಾದು ಮತ್ತೊಮ್ಮೆ ಇಳಿಸಿದಳು. ಆಮೇಲೆ ಬಂಡಿ ಕಟ್ಟಿ ಹೊಸ್ತಿಲಿನ ಒಳಮಗ್ಗುಲಿಗೆ ಹೋಗಿ ಅಲ್ಲೂ ತೂತು ಕೊರೆದು, ಮತ್ತೆ ಭರತ ಬರುವವರೆಗೂ ನೋಡಿದೆವು. ಅಲ್ಲಿ ತಳ ಇಳಿಜಾರು. ನೀರು ಇಳಿಜಾರಿನುದ್ದಕ್ಕೂ ಜಾರಿ ಒಳಗಿನ ದೊಡ್ಡ ಗುಂಡಿಗೆ ಬೀಳುತ್ತಿತ್ತು, ಭರತದಲ್ಲೂ ಇಳಿತದಲ್ಲೂ.

ಸೀಕಾ ಕೈಗವಸು ಹಾಕಿಕೊಂಡು ನಮ್ಮ ಕಡೆ ತಿರುಗಿದಳು.

“ಮುಳುಗಿದ್ದು ಮುಳುಗಿದ ಹಾಗೇ ಒಳಗೆ ಹೋಗುತ್ತೆ,” ಎಂದಳು. “ಇಷ್ಟು ತಣ್ಣೀರಲ್ಲಿ ಮೇಲಕ್ಕೆ ಬರೋದಿಲ್ಲ. ಆ ಗುಂಡಿಯಿಂದ ತಿರುಗಿ ಹೊರಗೆ ಬರೋ ದಾರಿ ಇಲ್ಲ. ಹಿಮನದಿ ಅರೆದು ಬಿಡೋ ನುಣುಪು ಮಣ್ಣು ಬೇಸಿಗೆಯಿಡೀ ಅಲ್ಲಿ ಇಳೀತಾ ಇರುತ್ತೆ.”

ಎನೋಕ್ ಹಗ್ಗ ಸುತ್ತಿದ. ಊರಿನ ಮನೆಗಳು ಕಾಣುವ ತನಕ ನಾಯಿಗಳಿಗೂ ದನಿ ಕೊಡಲಿಲ್ಲ. ಆಮೇಲೆ, ನನ್ನ ಕಡೆ ನೋಡದೆಯೇ, ಎಂದ:

“ನನಗೆ ಗೊತ್ತಿತ್ತು, ಉಪದೇಶಿಗಳೇ. ಇಷ್ಟು ವರ್ಷ ಗಾಳ ಬಿಟ್ಟಿದ್ದೀನಿ, ತಳದ ನೀರು ಹಗ್ಗನ ಯಾವ ಕಡೆ ಎಳೆಯುತ್ತೆ ಅಂತ ಕೈಗೆ ಗೊತ್ತಾಗದೇ ಇರುತ್ತಾ?”

“ಮತ್ತೆ ಚಳಿಗಾಲವೆಲ್ಲ ಹೊರಗಡೆ ಯಾಕೆ ಹುಡುಕಿದೆ?”

“ಒಳಗಡೆ ಹುಡುಕೋಕಾಗಲ್ವಲ್ಲ,” ಎಂದ. “ಹೊರಗಡೆ ಆದ್ರೆ ಹುಡುಕಬಹುದು. ಅದಕ್ಕೇ ಹೊರಗಡೆ ಹುಡುಕಿದೆ. ಬೆಳಿಗ್ಗೆ ಎದ್ದು ಅಕ್ಕನ ಮನೆ ಮುಂದೆ ಸುಮ್ಮನೆ ಹೇಗೆ ಓಡಾಡಲಿ?”

ಸೀಕಾ ಹಿಂದೆ ಕೂತು ಕೇಳಿಸಿಕೊಂಡಿರಬೇಕು. ಬಂಡಿ ನಿಂತಾಗ ಅವಳೇ ಮೊದಲು ಇಳಿದು, ಎನೋಕ್ ತಡೆದರೂ ಕೇಳದೆ, ಬೊಲೆತ್ತಳ ಮೆಟ್ಟಿಲು ಹತ್ತಿದಳು.

ಬೊಲೆತ್ತ ಸೀಲ್ ಮಾಂಸದ ಸಾರು ಕುದಿಸುತ್ತಿದ್ದಳು. ನಮ್ಮ ಮುಖ ನೋಡಿ ಒಲೆ ಆರಿಸಿದಳು. ಸೀಕಾ ಸುತ್ತುಬಳಸಿ ಹೇಳಲಿಲ್ಲ. ಮೇಲಿನ ನೀರು ಹೊರಗೆ, ತಳದ ನೀರು ಒಳಗೆ, ಆಮೇಲೆ ಗುಂಡಿ, ಆಮೇಲೆ ಮಣ್ಣು. ಬೊಲೆತ್ತ ಪ್ರತಿ ಮಾತಿಗೂ ಹೂಂಗುಟ್ಟಿದಳು, ಯಾರೋ ದೂರದ ಊರಿನ ದಾರಿ ಹೇಳುತ್ತಿದ್ದಾರೆ ಎಂಬಂತೆ.

“ಅಲ್ಲಿ ತುಂಬಾ ಚಳಿನಾ?” ಎಂದು ಕೇಳಿದಳು.

“ಇಲ್ಲಮ್ಮ. ತಳದಲ್ಲಿ ಮೇಲಿಗಿಂತ ಬೆಚ್ಚಗಿದೆ.”

ಬೊಲೆತ್ತಳ ಭುಜ ಸ್ವಲ್ಪ ಕೆಳಗಿಳಿಯಿತು. ಈ ಚಳಿಗಾಲದಲ್ಲಿ ಅವಳ ಮುಖ ಸಡಿಲವಾದದ್ದನ್ನು ನಾನು ಕಂಡದ್ದು ಅದೊಂದೇ ಸಲ, ಅದೂ ಒಂದು ಗಳಿಗೆ. ಆಮೇಲೆ ಅವಳು ಕಡಲಿನವರ ಮನೆಯಲ್ಲಿ ಹುಟ್ಟಿ ಬೆಳೆದವಳಂತೆ ಯೋಚಿಸಿದಳು.

“ಆ ಬೆಚ್ಚನೆ ನೀರೇ ತಾನೆ ಗಡ್ಡೆನ ಕೆಳಗಿನಿಂದ ತಿಂದಿದ್ದು?”

ಸೀಕಾ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

“ಹೌದಮ್ಮ,” ಎಂದಳು.

“ಇನ್ನು ಮೇಲೆ ಪ್ರತಿವರ್ಷ ಬರುತ್ತಾ ಅದು?”

“ಬರುತ್ತೆ. ಇನ್ನೂ ಮೇಲಕ್ಕೆ ಬರುತ್ತೆ.”

ಸಬೀನೆ ಮಗುವಿನೊಡನೆ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಬೇಡಿದ್ದು ಇದನ್ನೇ ಆಗಿದ್ದರೂ, ಬೇಡಿದ್ದು ಸಿಕ್ಕವಳ ಮುಖ ಅವಳದಾಗಿರಲಿಲ್ಲ. ನಾನು ಏನಾದರೂ ಹೇಳಬೇಕಲ್ಲ, ಮಣ್ಣಿನ ಮಾತು ಬಂದಿತ್ತಲ್ಲ, ಸಮಾಧಿಯ ಬಳಿ ಹೇಳುವ ಮಾತನ್ನು ಶುರುಮಾಡಿದೆ. ಬೊಲೆತ್ತ ಕೈಯೆತ್ತಿದಳು.

“ಬೇಡ ಕಣಪ್ಪ. ಭಾನುವಾರ ನೀರು ಬೆಚ್ಚಗೆ ಮಾಡಿಡು. ಮಗೂಗೆ ತಣ್ಣೀರು ಹಾಕಬೇಡ.”

ಭಾನುವಾರ ಊರೆಲ್ಲ ಚರ್ಚಿಗೆ ಬಂದಿತ್ತು. ಯಾವಾಗಿನಂತೆ ಬಿಳಿ ಅಂಗಿ, ತೊಗಲಿನ ಬೂಟು, ಮಣಿಗಳ ಕೊರಳಪಟ್ಟಿ ಎಲ್ಲ ಇತ್ತು. ಮಗುವನ್ನು ಎತ್ತಿಕೊಂಡು ಬಂದವಳು ಬೊಲೆತ್ತ. ಅದು ಅಳುತ್ತಲೇ ಇತ್ತು. ಅಳುವಿಗೂ ಈಗ ಹೆಚ್ಚು ಶಕ್ತಿ ಉಳಿದಿರಲಿಲ್ಲ. ಹಾಡು ಮುಗಿಯಿತು. ಕಿಟಕಿಯಾಚೆ ತುದಿಗಲ್ಲಿನ ಮೇಲಿನ ಮೋಡ ಮೊನ್ನೆಗಿಂತ ಅಗಲಕ್ಕೆ ಕಪ್ಪಿಟ್ಟಿತ್ತು. ಬಟ್ಟಲಿನ ನೀರಿನಿಂದ ಸಣ್ಣಗೆ ಉಗಿ ಏಳುತ್ತಿತ್ತು. ನಾನು ಕೈಯದ್ದಿ ನೋಡಿದೆ, ಬೆಚ್ಚಗಿತ್ತು.

“ಮಗುವಿನ ಹೆಸರೇನು?” ಎಂದು ವಿಧಿಯಂತೆ ಕೇಳಿದೆ.

ಬೊಲೆತ್ತ ತಕ್ಷಣ ಹೇಳಲಿಲ್ಲ. ಎನೋಕ್ ಟೋಪಿಯನ್ನು ಎರಡು ಕೈಯಲ್ಲೂ ಹಿಸುಕುತ್ತಿದ್ದ. ಅವಳ ತುಟಿ ಒಮ್ಮೆ ತೆರೆದು ಮುಚ್ಚಿತು. ಅಲ್ಲೆಲ್ಲೋ ಆಳದಲ್ಲಿ, ನುಣುಪು ಮಣ್ಣಿನೊಳಗೆ, ಯಾರದೋ ಮುಷ್ಟಿಯನ್ನು ಬೆರಳು ಬೆರಳಾಗಿ ಬಿಡಿಸುತ್ತಿದ್ದಾಳೆ ಎನಿಸಿತು.

“ತೊಬಿಆಸ್,” ಎಂದಳು. ಅವಳ ಮಗ ನೀರಿಗೆ ಹೋದಂದಿನಿಂದ ಆ ಹೆಸರು ಊರಿನ ಕಿವಿಗೆ ಬಿದ್ದದ್ದು ಅದೇ ಮೊದಲು.

ನಾನು ಮೂರು ಸಲ ನೀರು ಹಾಕಿದೆ. ಮಗು ಅಳು ನಿಲ್ಲಿಸಲಿಲ್ಲ. ಬಂದೆಯಾ ಎಂದು ಅವಳು ಅದರ ಕೆನ್ನೆಗೆ ಮೂಗು ಒತ್ತುತ್ತಾಳೆ, ಮಗನೇ ಎನ್ನುತ್ತಾಳೆ ಎಂದು ಊರೆಲ್ಲ ಕಾದಿತ್ತು. ಬೊಲೆತ್ತ ಅದರ ತಲೆಯ ಮೇಲಿನ ನೀರನ್ನು ತನ್ನ ತೋಳಿನಿಂದ ಒರೆಸಿದಳು, ಹಣೆಯಿಂದ ಗದ್ದದವರೆಗೆ ಮುಖವನ್ನೂ ಒರೆಸಿದಳು. ಆಮೇಲೆ ಮುಂದಿನ ಬೆಂಚಿನ ಬಳಿ ಹೋಗಿ, ಒಂದು ಮಾತೂ ಆಡದೆ, ಮಗುವನ್ನು ಸಬೀನೆಯ ಕೈಗೆ ಕೊಟ್ಟಳು.